ಕೂಸಿನ ತೂಕದ ಬೆಲ್ಲ

ಬಾಣಂತನ ಮಾಡುವುದರಲ್ಲಿ ಚನ್ನಬಸವ್ವನದು ಎತ್ತಿದ ಕೈ ಎಂದು ಹುಬ್ಬಳ್ಳಿಯ ಆ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೇಳದಿದ್ದವರಿಗೆ ಚನ್ನಬಸವ್ವ ತಾನೇ ಹೇಳುತ್ತಿದ್ದಳು. ನಾದಿನಿಯರು, ನೆಗೆಣ್ಣಿಯರು, ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಮಾಸ್ತರರ ಹೆಂಡತಿ, ಎಲ್ಲರೂ ಆಕೆಯ ಕೈಯ ಬಾಣಂತಿ ಖಾರ ತಿಂದು, ಆಕೆ ಕಾಸಿದ ನೀರು ಎರೆಸಿಕೊಂಡು ಎದ್ದವರೇ. ಅಂಟಿನುಂಡಿಗೆ ಕೊಬ್ಬರಿ ಎಷ್ಟು ಹುರಿಯಬೇಕು, ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ ಎಷ್ಟು ಹೊತ್ತು ಇಡಬೇಕು, ಕೂಸಿಗೆ ಬಜೆ ಎಷ್ಟು ತೇಯಬೇಕು ಎಂಬ ವಿಷಯದಲ್ಲಿ ಆಕೆ ಮಾತಾಡಿದ ಮೇಲೆ ಮತ್ತೊಬ್ಬರು ಬಾಯಿ ತೆರೆಯುವ ಪದ್ಧತಿ ಇರಲಿಲ್ಲ.

ಈಗ ಸ್ವಂತ ಮಗಳ ಸರದಿ. ಒಬ್ಬಳೇ ಮಗಳು ನೀಲವ್ವ ಚೊಚ್ಚಲ ಹೆರಿಗೆಗೆ ಅಮ್ಮಿನಬಾವಿಯಿಂದ ತವರಿಗೆ ಬಂದು ಹೆಣ್ಣು ಹಡೆದಿದ್ದಳು. ತಾಯಿ ಮಗು ಇಬ್ಬರನ್ನೂ ಗುಂಡುಗುಂಡಗೆ ಮಾಡಿ, ತೊಟ್ಟಿಲು ಬಟ್ಟಲು ಕೊಟ್ಟು ಗಂಡನ ಮನೆಗೆ ಕಳಿಸಬೇಕು. ಅಲ್ಲಿ ಕಾದು ಕುಳಿತವಳು ಬೀಗತಿ ಗುಡ್ಡವ್ವ. ಆಕೆ ಒಕ್ಕಲುತನದ ಹೆಣ್ಣುಮಗಳು. ಎಮ್ಮೆಯ ಬೆನ್ನ ಮೇಲೆ ಕೈಯಾಡಿಸಿ ಅದು ಎಷ್ಟು ಹಾಲು ಕೊಟ್ಟೀತು ಎಂದು ಹೇಳುವವಳು ಎಂಬ ಖ್ಯಾತಿ ಇತ್ತು. ಮೊಮ್ಮಗಳ ಮೇಲೆ ಕೈಯಾಡಿಸಿ ಏನು ಹೇಳಿಯಾಳೋ ಎಂಬುದೇ ಚನ್ನಬಸವ್ವನ ಚಿಂತೆ.

ಅದಕ್ಕೆ ಕಾರಣವೂ ಇತ್ತು. ಕೂಸು ಎರಡು ತಿಂಗಳು ದಾಟಿದರೂ ಮೈ ಹಿಡಿದಿರಲಿಲ್ಲ. ನೋಡಿದವರು ಯಾರೂ ಹಾಗೆ ಹೇಳುತ್ತಿರಲಿಲ್ಲ. ಕುಲಾವಿ, ಅಂಗಿ, ಮೇಲೊಂದು ದುಪ್ಪಟಿ ಸುತ್ತಿದ ಮೇಲೆ ಯಾವ ಕೂಸಾದರೂ ತುಂಬಿದ ಹಾಗೆಯೇ ಕಾಣುತ್ತದೆ. ಆದರೆ ದಿನಾ ಮುಂಜಾನೆ ಕಾಲು ಚಾಚಿ, ಅದರ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆಯುವವಳು ಚನ್ನಬಸವ್ವ. ಆಕೆಯ ಕಾಲಿಗೆ ಗೊತ್ತಾಗುತ್ತಿತ್ತು. ಕಾಲಿಗೆ ಗೊತ್ತಾದದ್ದನ್ನು ಆಕೆ ಬಾಯಿಗೆ ಬರಗೊಡಲಿಲ್ಲ.

ಇಂಥ ಹೊತ್ತಿನಲ್ಲಿ ಕಾಶೀಬಾಯಿ ಬಂದಳು. ಪೇಟೆಯ ದೊಡ್ಡ ಮಂದಿ ಕೂಡಿ ಆಗಷ್ಟೇ ಒಂದು ಕೂಸಿನ ದವಾಖಾನೆ ತೆರೆದಿದ್ದರು. ಅದರ ನರ್ಸಬಾಯಿ ಆಕೆ. ಪುಣೆಯಲ್ಲಿ ಕಲಿತು ಬಂದವಳು, ಬಿಳಿ ಸೀರೆ, ಕಾಲಲ್ಲಿ ಬೂಟು, ಕೈಯಲ್ಲೊಂದು ಚರ್ಮದ ಚೀಲ. ಹಡೆದ ಮನೆ ಎಲ್ಲಿದೆ ಎಂದು ಕೇಳಿಕೊಂಡು ತಾನಾಗಿ ಬರುತ್ತಿದ್ದಳು. ಓಣಿಯ ಹೆಂಗಸರು ಮೊದಮೊದಲು ಬಾಗಿಲ ಹಿಂದೆ ನಿಂತು ಬೂಟು ನೋಡಿದರು, ಆಮೇಲೆ ಒಳಗೆ ಕರೆದು ಚಹಾ ಕೊಟ್ಟರು. ಚನ್ನಬಸವ್ವನೂ ಕೊಟ್ಟಳು. ಕಾಶೀಬಾಯಿ ಚಹಾ ಕುಡಿದು, ಅಂಟಿನುಂಡಿ ತಿಂದು, ಉಂಡಿ ಭಾಳ ಛಲೋ ಆಗಿದೆ ಎಂದು ಹೊಗಳಿ, ಚೀಲದಿಂದ ಒಂದು ಕೊಕ್ಕೆಯ ತಕ್ಕಡಿಯನ್ನೂ ಅದಕ್ಕೆ ಕಟ್ಟುವ ಜೋಳಿಗೆಯನ್ನೂ ಹೊರತೆಗೆದಳು.

ಚನ್ನಬಸವ್ವನ ಮುಖ ಸಿಂಡರಿಸಿತು. "ಅದೇನ್ರಿ ಬಾಯಾರ?"

"ಕೂಸಿನ ತೂಕ ನೋಡ್ಲಿಕ್ಕೆ ರೀ. ಒಂದ ನಿಮಿಷ ಮಲಗಿಸಿ ಇಳಸ್ತೀನಿ."

"ತೂಗಬ್ಯಾಡ್ರಿ."

"ಅಂಜಬ್ಯಾಡ್ರಿ, ನೋವಾಗೂದಿಲ್ಲ."

"ನೋವಿನ ಮಾತಲ್ರಿ. ನಮ್ಮ ಮನ್ಯಾಗ ತಕ್ಕಡಿಗೆ ಏರಿದ್ದು ಸಂಜಿಮಟಾ ಮನ್ಯಾಗ ಉಳಿಯೂದಿಲ್ಲ. ನಮ್ಮ ಕೂಸು ಮಾರೂ ಮಾಲಲ್ಲ."

ಇದನ್ನು ಹೇಳಿದವಳು ಬೆಲ್ಲ ಕಾಳುಕಡಿ ವ್ಯಾಪಾರಿಯ ಹೆಂಡತಿ. ಮನೆಯ ಮುಂಭಾಗದಲ್ಲೇ ಗಂಡ ಮುರುಗೆಪ್ಪನ ಅಂಗಡಿ. ದಿನವಿಡೀ ಅಲ್ಲಿ ತಕ್ಕಡಿಯ ಸರಪಳಿ ಸದ್ದು. ಅದರಲ್ಲಿ ಕುಳಿತದ್ದೆಲ್ಲ ಯಾರದೋ ಚೀಲ ಸೇರಿ ಹೊರಗೆ ಹೋಗುತ್ತಿತ್ತು. ಹೀಗಾಗಿ ಮನೆಗೆ ಬೇಕಾದ ಜೋಳ, ಬೇಳೆ, ಬೆಲ್ಲವನ್ನು ಚನ್ನಬಸವ್ವ ಎಂದೂ ತೂಗಗೊಟ್ಟವಳಲ್ಲ. ಮೊರದಲ್ಲಿ ಮೊಗೆದು ಒಳಗೆ ತರುತ್ತಿದ್ದಳು. ಇದು ಅತ್ತೆಯ ಕಾಲದಿಂದ ಬಂದ ಪದ್ಧತಿ. ಆದರೆ ಚನ್ನಬಸವ್ವನ ಹಟಕ್ಕೆ ಅತ್ತೆಯೊಬ್ಬಳೇ ಕಾರಣವಲ್ಲ. ನೀಲವ್ವನಿಗಿಂತ ಮುಂಚೆ ಆಕೆಗೊಂದು ಗಂಡು ಕೂಸಾಗಿತ್ತು. ಒಂದು ದಿನ ಅಂಗಡಿಗೆ ಬಂದ ಗಿರಾಕಿಯೊಬ್ಬ ಚೇಷ್ಟೆಗೆಂದು ಅದನ್ನೆತ್ತಿ ತಕ್ಕಡಿಯಲ್ಲಿ ಕೂಡಿಸಿ, ಇದರ ಧಾರಣೆ ಏನು ಎಂದು ಕೇಳಿ ನಕ್ಕಿದ್ದ. ಆ ವಾರವೇ ಜ್ವರ ಬಂದು ಕೂಸು ತೀರಿಹೋಯಿತು. ಜ್ವರ ಆ ವರ್ಷ ಊರಿಗೆಲ್ಲ ಬಂದಿತ್ತು ಎಂದು ಮುರುಗೆಪ್ಪ ಎಷ್ಟೋ ಸಲ ಹೇಳಿದ್ದ. ಆಕೆ ಹೂಂ ಅಂದಿದ್ದಳು, ನಂಬಿರಲಿಲ್ಲ.

ಕಾಶೀಬಾಯಿ ಒತ್ತಾಯ ಮಾಡಲಿಲ್ಲ. ಕೂಸಿನ ದುಪ್ಪಟಿ ಬಿಚ್ಚಿ, ತೊಡೆ ಹಿಡಿದು ನೋಡಿದಳು. ಅಲ್ಲಿ ಚರ್ಮ ಸಡಿಲಾಗಿತ್ತು. ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ನೀಲವ್ವನ ಕಡೆಗೆ ತಿರುಗಿದಳು.

"ಹಾಲು ಹೆಂಗ ಬರ್ತಾವವಾ?"

ನೀಲವ್ವ ತಾಯಿಯ ಕಡೆ ನೋಡಿದಳು. ಉತ್ತರ ತಾಯಿಯೇ ಕೊಟ್ಟಳು. "ಬರ್ತಾವ್ರಿ. ಖಾರ ತಿನಸಾಕತ್ತೇನಿ, ತುಪ್ಪ ತಿನಸಾಕತ್ತೇನಿ. ನೀರ ಮಾತ್ರ ಜಾಸ್ತಿ ಕೊಡಂಗಿಲ್ಲ. ಬಾಣಂತಿಗೆ ನೀರ ಅಂದ್ರ ಥಂಡಿ."

"ಅಲ್ರಿ ತಾಯಿ, ನೀರಿಲ್ಲದ ಹಾಲು ಎಲ್ಲಿಂದ ಬರಬೇಕ್ರಿ? ಉಂಡಿ ಕೊಡ್ರಿ, ತುಪ್ಪ ಕೊಡ್ರಿ, ಯಾವುದೂ ಬಿಡಿಸೂದಿಲ್ಲ ನಾ. ಅದರ ಜೋಡಿ ಬೇಕಾದಷ್ಟು ನೀರು, ಒಂದಿಷ್ಟು ಹಾಲು, ತಪ್ಪಲಪಲ್ಯ ಕೊಡ್ರಿ. ಹಗಲಿನ್ಯಾಗ ಯಾರರೆ ಕೂಸು ಹಿಡಕೊಂಡು ಆಕಿಗೆ ನಿದ್ದಿ ಮಾಡ್ಲಿಕ್ಕೆ ಬಿಡ್ರಿ. ಆದ್ರ ಇದರಿಂದ ಕೂಸು ಬೆಳೀಲಿಕತ್ತದೋ ಇಲ್ಲೋ, ತೂಗದ ನನಗ ಗೊತ್ತಾಗೂದಿಲ್ಲ. ಬೆಳೀಲಿಲ್ಲ ಅಂದ್ರ ದೊಡ್ಡ ಡಾಕ್ಟರಬಾಯಿಯವರಿಗೆ ತೋರಸಬೇಕಾಗ್ತದ. ತಡಾ ಮಾಡಿದ್ರ ಕೈ ಮೀರ್ತದ."

ಕಡೆಯ ಮಾತು ಕೇಳಿ ಚನ್ನಬಸವ್ವ ಕೂಸನ್ನು ಎದೆಗೆ ಎಳೆದುಕೊಂಡಳು. ಆದರೂ ತೂಗಗೊಡಲಿಲ್ಲ. ಕಾಶೀಬಾಯಿ ತಕ್ಕಡಿ ಚೀಲಕ್ಕೆ ಹಾಕಿಕೊಂಡು ಹೋದಳು. ಆಕೆಯ ಬೂಟಿನ ಸಪ್ಪಳ ಓಣಿ ದಾಟಿತು. ಆಮೇಲೆ ಹೊರಸಿನಿಂದ ಸಣ್ಣ ದನಿ ಬಂತು.

"ಯವ್ವಾ, ನನ್ನ ಕೂಸು ಹಗರ ಆಗೇತಿ."

ಚನ್ನಬಸವ್ವ ಕೆಂಡ ತರುವ ನೆವದಲ್ಲಿ ಅಡಿಗೆಮನೆಗೆ ಹೋದಳು.

ಓಣಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು. ಎದುರುಮನೆಯ ಹಾಜರಾಬಿ ಲೋಬಾನದ ಬಟ್ಟಲು ಹಿಡಿದು ಬಂದಳು, ಕೂಸಿಗೆ ಕೆಟ್ಟ ಕಣ್ಣಿನ ನೆದರಾಗಿದೆ ಎಂದು ಹೊಗೆ ಹಾಕಿ ಹೋದಳು. ಮಾಸ್ತರರ ಹೆಂಡತಿ ಡಬ್ಬಿಯ ಹಾಲಿನಪುಡಿಯ ಹೆಸರು ಹೇಳಿದಳು. ಮೂರನೆಯವಳು ಕತ್ತೆಯ ಹಾಲಿನ ಮಾತೆತ್ತಿದಳು. ಮುರುಗೆಪ್ಪ ಮಾತ್ರ ತಕ್ಕಡಿಯ ಸದ್ದು ಹೆಂಡತಿಗೆ ಕೇಳದಿರಲಿ ಎಂದು ನಡುಬಾಗಿಲು ಎಳೆದುಕೊಂಡು ವ್ಯಾಪಾರ ಮಾಡಿದ. ಅಷ್ಟರಲ್ಲಿ ಅಮ್ಮಿನಬಾವಿಯಿಂದ ಹೇಳಿಕೆ ಬಂತು: ಗುಡ್ಡವ್ವ ಹುಬ್ಬಳ್ಳಿಗೆ ಬರುವವಳಿದ್ದಾಳೆ, ಮೊಮ್ಮಗಳನ್ನು ನೋಡಿ ಕರೆದೊಯ್ಯುವ ದಿನ ಗೊತ್ತು ಮಾಡುವವಳಿದ್ದಾಳೆ.

ಸೋಮವಾರ ಚನ್ನಬಸವ್ವ ಓಣಿಯ ತುದಿಯ ಬಸವಣ್ಣನ ಗುಡಿಗೆ ಹೋದಾಗ ಅಲ್ಲೊಬ್ಬ ಗಬ್ಬೂರದ ರೈತ ಮಗನನ್ನು ತೂಗಿಸುತ್ತಿದ್ದ. ಹರಕೆಯ ತುಲಾಭಾರ. ಗುಡಿಯ ಕಟ್ಟಿಗೆಯ ತಕ್ಕಡಿಯಲ್ಲಿ ಒಂದು ಕಡೆ ಹುಡುಗ, ಇನ್ನೊಂದು ಕಡೆ ಉತ್ತತ್ತಿ. ತಕ್ಕಡಿ ಸಮ ನಿಂತಿತು, ಪೂಜಾರಿ ಅಯ್ಯನವರು ಹುಡುಗನ ಹಣೆಗೆ ವಿಭೂತಿ ಹಚ್ಚಿದರು, ಅಪ್ಪ ಅವನನ್ನು ಹೆಗಲ ಮೇಲೆ ಕೂಡಿಸಿಕೊಂಡು ಮನೆಗೆ ನಡೆದ. ಉತ್ತತ್ತಿ ಮಾತ್ರ ಗುಡಿಯಲ್ಲಿ ಉಳಿಯಿತು. ಚನ್ನಬಸವ್ವ ಕೈಯಲ್ಲಿ ಹಿಡಿದ ತೆಂಗಿನಕಾಯಿ ಒಡೆಸುವುದನ್ನೇ ಮರೆತು ನಿಂತಳು. ಈ ತಕ್ಕಡಿಯಲ್ಲಿ ಕೂತದ್ದು ಮನೆಗೆ ವಾಪಸು ಬರುತ್ತದೆ, ಹೋಗುವುದು ಎದುರಿನ ತಟ್ಟೆಯದು. ಇಷ್ಟು ವರ್ಷ ಗುಡಿಗೆ ಬಂದು ಹೋಗುವವಳಿಗೆ ಇದು ಹೊಳೆದಿರಲಿಲ್ಲವಲ್ಲ.

ಗುಡಿಯ ಪೂಜಾರಿ ಚನ್ನಯ್ಯ ಒಳ್ಳೆಯ ಮನುಷ್ಯ, ಸಿಹಿ ಅಂದರೆ ಪ್ರಾಣ. ಚನ್ನಬಸವ್ವ ಆತನ ಮುಂದೆಯೇ ಬೇಡಿಕೊಂಡಳು: ಮೊಮ್ಮಗಳನ್ನು ಐದು ಸೋಮವಾರ ಬೆಲ್ಲದಿಂದ ತೂಗುತ್ತೇನೆ.

"ತುಲಾಭಾರ ಅಂದ್ರ ಒಮ್ಮೆ ಮಾಡ್ತಾರವಾ. ಐದ ಸಲ ಯಾರೂ ಮಾಡಿದ್ದ ಕೇಳಿಲ್ಲ," ಎಂದ ಚನ್ನಯ್ಯ. ಆಮೇಲೆ ಬೆಲ್ಲದ ನೆನಪಾಗಿ, "ಮಾಡಬಾರದು ಅಂತನೂ ಎಲ್ಲೂ ಹೇಳಿಲ್ಲ ಬಿಡು," ಎಂದ.

ಕಾಶೀಬಾಯಿಗೆ ಹೇಳಿ ಕಳಿಸಿದ್ದೂ ಚನ್ನಬಸವ್ವನೇ. ಆಕೆ ಬಂದಾಗ, "ಕೂಸಿನ್ನ ತೂಗೂದು ಅಯ್ಯನವರ ಕೆಲಸ. ಬೆಲ್ಲ ತೂಗಾಕ ನಿಮಗ ಯಾರೂ ಬ್ಯಾಡ ಅನ್ನೂದಿಲ್ಲ," ಎಂದಳು. ಕಾಶೀಬಾಯಿ ಒಂದು ಗಳಿಗೆ ಆಕೆಯ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಮೊದಲ ಸೋಮವಾರ ಮುರುಗೆಪ್ಪ ಬೆಲ್ಲದ ಪೆಂಟೆ ಒಡೆಸಿ ಬುಟ್ಟಿಯಲ್ಲಿ ತುಂಡು ಹೊರಿಸಿಕೊಂಡು ಬಂದ. ಕೂಸು ಒಂದು ತಟ್ಟೆಯಲ್ಲಿ ಕೈಕಾಲು ಬಡಿಯಿತು. ಎದುರಿನ ತಟ್ಟೆಯಲ್ಲಿ ಬೆಲ್ಲ ಹಾಕುತ್ತಲೇ ತಕ್ಕಡಿ ಸಮ ಆಗಿಬಿಟ್ಟಿತು. ಬುಟ್ಟಿಯ ಬಹುಪಾಲು ಬುಟ್ಟಿಯಲ್ಲೇ ಉಳಿಯಿತು. ಕಾಶೀಬಾಯಿ ಆ ಬೆಲ್ಲವನ್ನು ಪಂಚೆಯಲ್ಲಿ ಕಟ್ಟಿ ತನ್ನ ಕೊಕ್ಕೆಗೆ ತೂಗುಹಾಕಿ ಮುಳ್ಳು ನೋಡಿದಳು. ಬೆಲ್ಲ ಹಂಚಿದಾಗ ಪ್ರತಿ ಮನೆಗೆ ಅಡಿಕೆ ಗಾತ್ರದ ತುಂಡು ಬಂತು. ಆ ದಿನವೆಲ್ಲ ಚನ್ನಬಸವ್ವ ಕೂಸನ್ನು ಕೆಳಗಿಳಿಸಲಿಲ್ಲ, ಅಂಗಡಿಯ ಕಡೆಯ ಬಾಗಿಲಿಗೆ ಬೆನ್ನು ಹಾಕಿಯೇ ಕೂತಳು.

ಆ ಅಡಿಕೆ ಗಾತ್ರದ ತುಂಡು ಓಣಿಗೆ ಹತ್ತಿದ ಹಾಗೆ ಯಾವ ಉಪದೇಶವೂ ಹತ್ತಿರಲಿಲ್ಲ. ಕೂಸು ಎಷ್ಟು ಹಗುರವಿದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ನಾಲಗೆಯ ಮೇಲೆ ಇಟ್ಟುಕೊಂಡು ಮನೆಗೆ ಹೋಗಿದ್ದರು. ಮರುದಿನವೇ ಹಾಜರಾಬಿ ಹಿತ್ತಲಿನ ರಾಜಗಿರಿ ಕೊಯ್ದು ತಂದಳು. ಮಾಸ್ತರರ ಹೆಂಡತಿ ಊಟವಾದ ಮೇಲೆ ಬಂದು ಕೂಸನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಅಡ್ಡಾಡಿದಳು, ನೀಲವ್ವ ಸಂಜೆಯವರೆಗೆ ಸತ್ತ ಹಾಗೆ ನಿದ್ದೆ ಮಾಡಿದಳು. ಕತ್ತೆಯ ಹಾಲಿನವಳೂ ಸೋತು ಆಕಳ ಹಾಲಿನ ಚರಿಗೆ ಕಳಿಸಿದಳು. ಚನ್ನಬಸವ್ವ ಹಲ್ಲು ಕಚ್ಚಿಕೊಂಡು ಹೊರಸಿನ ಪಕ್ಕಕ್ಕೆ ತುಂಬಿದ ತಂಬಿಗೆ ಇಟ್ಟಳು. ಮಗಳು ಅದನ್ನು ಎತ್ತಿ ಗಟಗಟ ಕುಡಿದ ರೀತಿ ನೋಡಿ ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು.

ಎರಡನೆಯ ಸೋಮವಾರ ಮುಳ್ಳು ಹೋದ ವಾರ ನಿಂತಲ್ಲೇ ನಿಂತಿತು.

"ಇಳದಿಲ್ಲಲ್ರಿ, ಅದೂ ದೊಡ್ಡದ," ಎಂದಳು ಕಾಶೀಬಾಯಿ. "ಆದ್ರ ಬರೋ ಸೋಮವಾರನೂ ಏರಲಿಲ್ಲ ಅಂದ್ರ ಡಾಕ್ಟರಬಾಯಿಯವರ ಕಡೆ ಹೋಗೂದ. ಆವಾಗ ಬ್ಯಾಡ ಅನ್ನಬ್ಯಾಡ್ರಿ."

"ಅನ್ನೂದಿಲ್ರಿ," ಎಂದಳು ಚನ್ನಬಸವ್ವ.

ಮೂರನೆಯ ಸೋಮವಾರ ಬೆಳಿಗ್ಗೆ ಗುಡ್ಡವ್ವ ಊರಿಂದ ಧಾರವಾಡಕ್ಕೆ ಬಂದು, ಅಲ್ಲಿಂದ ರೈಲು ಹಿಡಿದು ಬಂದಿಳಿದಳು. ಬರಲಿ, ಆದರೆ ಇವತ್ತೇ ಬರಬೇಕೇ? ಬೀಗತಿ ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ಚನ್ನಬಸವ್ವ ಪೆಟ್ಟಿಗೆ ತೆರೆದಳು. ಕೂಸಿಗೆ ಬೆಳ್ಳಿಯ ಉಡದಾರ ಬಂತು, ಕೈಗೆ ಗಟ್ಟಿ ಕಡಗ ಬಂದವು, ಕಾಲಿಗೂ ಬಂದವು. ಮುತ್ಯಾನ ಕಾಲದ ಬೆಳ್ಳಿಯ ಕರಡಿಗೆ, ಒಬ್ಬ ದೊಡ್ಡ ಗಂಡಸು ಲಿಂಗ ಇಟ್ಟುಕೊಂಡು ಕೊರಳಿಗೆ ಹಾಕುವಂಥದ್ದು, ಅದೂ ಬಂತು. ಮೇಲೆ ಕಲಾಬತ್ತಿನ ಕುಲಾವಿ, ಜರತಾರಿ ಅಂಗಿ. ತವರಿನವರು ಏನೂ ಕಡಿಮೆ ಮಾಡಿಲ್ಲ ಎಂದು ಬೀಗತಿಗೆ ಕಾಣಲಿ ಎಂಬುದಷ್ಟೇ ಆಕೆಯ ಮನಸ್ಸಿನಲ್ಲಿದ್ದದ್ದು. ಅಷ್ಟು ಮಾತ್ರ ಆಕೆಯ ಪರವಾಗಿ ಹೇಳಲೇಬೇಕು.

ಗುಡಿಗೆ ಕಾಶೀಬಾಯಿ ಇನ್ನೂ ಬಂದಿರಲಿಲ್ಲ; ಯಾರೋ ಹಡೆಯುವ ಹೆಂಗಸಿನ ಹತ್ತಿರ ತಡವಾಗಿತ್ತು. ಚನ್ನಯ್ಯ ಕಾಯಲಿಲ್ಲ. ಕೂಸು ತಟ್ಟೆಗೆ ಏರಿತು, ಎದುರಿಗೆ ಬೆಲ್ಲ ಬಿತ್ತು. ಇನ್ನಷ್ಟು ಬಿತ್ತು. ಮುರುಗೆಪ್ಪ ಬುಟ್ಟಿ ಬಗ್ಗಿಸಿ ಮತ್ತಷ್ಟು ಹಾಕಿದ. ಹೆಂಗಸರಲ್ಲಿ ಗುಜುಗುಜು ಎದ್ದಿತು. ಹಾಜರಾಬಿ ಕಟ್ಟೆಯ ಮೇಲಿಂದಲೇ ಬೆರಳು ಮುರಿದು ದೃಷ್ಟಿ ತೆಗೆದಳು. ಗುಡ್ಡವ್ವನ ಮುಖ ಅರಳಿತು.

"ಭೇಷ್ ಆತ್ರಿ ಬೀಗತ್ಯಾರ. ಬಾಣಂತನ ಅಂದ್ರ ಹಿಂಗಿರಬೇಕು."

ಎಷ್ಟು ದಿನದಿಂದ ಕಾದ ಮಾತು ಅದು. ಕಿವಿಗೆ ಬಿದ್ದ ಗಳಿಗೆಯಲ್ಲೇ ಚನ್ನಬಸವ್ವನಿಗೆ ಬೆಳ್ಳಿಯ ನೆನಪಾಯಿತು. ಬೆಳ್ಳಿಗೂ ತೂಕವಿದೆ ಎಂಬುದು ಅಂಗಡಿಕಾರನ ಹೆಂಡತಿಗೆ ಯಾರೂ ಕಲಿಸಿಕೊಡಬೇಕಾದ್ದಲ್ಲ. ಹೇಳಬೇಕೆಂದು ಬಾಯಿ ತೆರೆದಳು, ಬೀಗತಿಯ ಮುಖ ನೋಡಿ ಮುಚ್ಚಿದಳು. ಕೂಸನ್ನು ಇಳಿಸಿ, ದುಪ್ಪಟಿ ಸುತ್ತಿ ನೀಲವ್ವನ ತೊಡೆಯ ಮೇಲೆ ಹಾಕಿದಳು.

ಆಗ ಕಾಶೀಬಾಯಿ ಓಡೋಡಿ ಬಂದಳು. ಬಂದವಳೇ ಬೆಲ್ಲದ ಗಂಟನ್ನು ಕೊಕ್ಕೆಗೆ ಹಾಕಿ ಎತ್ತಿದಳು. ಮುಳ್ಳು ನೋಡಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

"ಖರೇನ ಇಷ್ಟು ಏರ್ಯದ? ಒಂದ ವಾರದಾಗ? ಛಲೋ ಆತ್ರಿ ತಾಯಿ, ನನ್ನ ಎದಿ ಮ್ಯಾಲಿನ ಕಲ್ಲ ಇಳೀತು. ಇನ್ನ ಡಾಕ್ಟರಬಾಯಿಯವರ ಕಡೆ ಹೋಗೂ ಕಾರಣ ಇಲ್ಲ."

ನೀಲವ್ವ ತಲೆ ಎತ್ತಿ ತಾಯಿಯ ಕಡೆ ನೋಡಿದಳು. ಕೂಸಿಗೆ ಬೆಳ್ಳಿ ತೊಡಿಸಿದಾಗ ಆಕೆ ಪಕ್ಕದಲ್ಲೇ ಇದ್ದಳು. ಅತ್ತೆಯ ಎದುರಿಗೆ ತಾಯಿಯ ಮಾನ ಕಳೆಯಲು ಆಕೆಗೆ ಬಾಯಿ ಬರಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡಳು, ಅಷ್ಟೇ.

ಚನ್ನಬಸವ್ವ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಬೀಗತಿ ಅಮ್ಮಿನಬಾವಿಯ ತುಂಬ ಹೊಗಳಿಕೊಂಡು ತಿರುಗುತ್ತಿದ್ದಳು. ಕೂಸನ್ನು ಮಾತ್ರ ಯಾರೂ ದವಾಖಾನೆಗೆ ಒಯ್ಯುತ್ತಿರಲಿಲ್ಲ.

"ತಡೀರಿ ಬಾಯಾರ," ಎಂದಳು ಚನ್ನಬಸವ್ವ. "ಅದು ಕೂಸಿನ ತೂಕ ಅಲ್ಲ."

ಆಕೆ ಮಗಳ ತೊಡೆಯಿಂದ ಕೂಸನ್ನು ತೆಗೆದುಕೊಂಡು ಎಲ್ಲರ ನಡುವೆ ಕೂತು, ದುಪ್ಪಟಿ ಬಿಚ್ಚಿ, ಒಂದೊಂದಾಗಿ ಬೆಳ್ಳಿ ತೆಗೆದಳು. ಕರಡಿಗೆ ತೆಗೆದಳು, ಕಡಗ ತೆಗೆದಳು. ಉಡದಾರದ ಗಂಟು ಬೇಗ ಬಿಚ್ಚಲೊಲ್ಲದು. ತಲೆ ಎತ್ತಿ ಬೀಗತಿಯ ಮುಖ ನೋಡುವ ಧೈರ್ಯ ಆಕೆಗಾಗಲಿಲ್ಲ. ಜರತಾರಿ ಅಂಗಿಯನ್ನೂ ಬಿಚ್ಚಿ, ಮೈಮೇಲೆ ಕರಿದಾರ ಮಾತ್ರ ಉಳಿದ ಕೂಸನ್ನು ತಾನೇ ಎತ್ತಿ ತಟ್ಟೆಯಲ್ಲಿ ಮಲಗಿಸಿದಳು. ಪಕ್ಕೆಲುಬು ಕಾಣುತ್ತಿದ್ದವು. ಗುಡ್ಡವ್ವ ಕಂಡಳು, ಓಣಿಗೆ ಓಣಿಯೇ ಕಂಡಿತು.

"ತೂಗ್ರಿ ಅಯ್ಯಾರ."

ಗಂಟಿನ ಬೆಲ್ಲ ಮತ್ತೆ ಎದುರಿನ ತಟ್ಟೆಗೆ ಬಂತು, ಅಲ್ಲಿಂದ ಕೆಳಗಿಳಿಯತೊಡಗಿತು. ಒಂದು ತುಂಡು, ಮತ್ತೊಂದು, ಇನ್ನೊಂದು. ಬುಟ್ಟಿಗೆ ಬೀಳುವ ಪ್ರತಿ ತುಂಡಿನ ಸದ್ದಿಗೂ ಚನ್ನಬಸವ್ವ ಕಣ್ಣು ಮುಚ್ಚಿದಳು. ತಕ್ಕಡಿ ಸಮ ನಿಂತಿತು. ಕಾಶೀಬಾಯಿ ಉಳಿದ ಬೆಲ್ಲವನ್ನು ಕಟ್ಟಿ ಕೊಕ್ಕೆಗೆ ಹಾಕಿ ಮುಳ್ಳು ನೋಡಿದಳು. ಗಂಟು ಕೆಳಗಿಟ್ಟು ಒಂದು ತುಂಡು ತೆಗೆದು ಮತ್ತೆ ತೂಗಿದಳು, ಮುಳ್ಳು ಹೋದ ವಾರದ ಜಾಗಕ್ಕೆ ಬಂತು. ಆ ತುಂಡನ್ನು ಅಂಗೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದಳು. ಮುಷ್ಟಿಯಲ್ಲಿ ಹಿಡಿಯುವಷ್ಟಿತ್ತು.

"ಹೋದ ಸೋಮವಾರಕ್ಕೂ ಇವತ್ತಿಗೂ ಇಷ್ಟು ಬೆಳದಾಳ. ಸುಳ್ಳಲ್ಲ, ಬೆಳ್ಳಿ ಅಲ್ಲ. ದವಾಖಾನಿಗೆ ಹೋಗೂದು ಬ್ಯಾಡ್ರಿ, ಹಿಂಗ ನಡೀಲಿ," ಎಂದಳು.

ಯಾರೋ ನಿಟ್ಟುಸಿರು ಬಿಟ್ಟರು, ಯಾರೋ ನಕ್ಕರು. ಮುರುಗೆಪ್ಪ ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡ. ಗುಡ್ಡವ್ವ ಮಾತ್ರ ನಗಲಿಲ್ಲ. ಎದ್ದು ಬಂದು ಕಾಶೀಬಾಯಿಯ ಕೈಯಿಂದ ಆ ತುಂಡು ತೆಗೆದುಕೊಂಡಳು. ಬೆಳ್ಳಿಯ ರಾಶಿ ದಾಟಿದಳು, ತಕ್ಕಡಿ ದಾಟಿದಳು, ಕೂಸಿನ ಕಡೆ ನೋಡಲಿಲ್ಲ. ಕಂಬಕ್ಕೆ ಒರಗಿ ಕೂತಿದ್ದ ಸೊಸೆಯ ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತಳು.

"ಬಾಯಿ ತೆಗಿಯವ್ವ. ಇದು ಹಂಚೂ ಬೆಲ್ಲ ಅಲ್ಲ. ನಿನ್ನ ಮೈಯಾಗಿಂದು ಹೋಗಿ ಇಷ್ಟಾಗೇತಿ, ನೀನ ತಿನ್ನಬೇಕು. ಕರಕೊಂಡ ಹೋಗೂ ದಿನಾ ಆಮ್ಯಾಲ ನೋಡೂಣಂತ. ಅವ್ವನ ಕಡೆ ಇನ್ನೊಂದಿಷ್ಟ ದಿನ ಇರು."

ನೀಲವ್ವ ಬಾಯಿ ತೆರೆದಳು. ಬೆಲ್ಲ ಬಾಯಲ್ಲಿದ್ದಂತೆಯೇ ಆಕೆಗೆ ಅಳು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾಗದೆ, ಬಿಕ್ಕಿ ಬಿಕ್ಕಿ ಅತ್ತಳು. ಹಡೆದ ಮೇಲೆ ಆಕೆ ಅತ್ತದ್ದನ್ನು ಯಾರೂ ನೋಡಿರಲಿಲ್ಲ. ನಕ್ಕದ್ದನ್ನೂ ನೋಡಿರಲಿಲ್ಲ ಎಂದು ಚನ್ನಬಸವ್ವನಿಗೆ ಆಗ ಹೊಳೆಯಿತು. ಈ ಮೂರು ತಿಂಗಳು ಕೂಸಿನ ಮುಖ ನೋಡಿದ್ದೇ ನೋಡಿದ್ದು, ಮಗಳ ಮುಖ ತಾನು ಸರಿಯಾಗಿ ನೋಡಿರಲಿಲ್ಲ. ಎಷ್ಟು ಬಾಡಿತ್ತು ಆ ಮುಖ.

ಕೂಸನ್ನು ತಟ್ಟೆಯಿಂದೆತ್ತಿ, "ಹಿಡೀರಿ ಬೀಗತ್ಯಾರ, ನಿಮ್ಮ ಮೊಮ್ಮಗಳನ್ನ," ಎಂದು ಗುಡ್ಡವ್ವನ ಕೈಗೆ ಕೊಟ್ಟಳು. ಮಗಳ ಪಕ್ಕದಲ್ಲಿ ಕೂತಳು. ನೀಲವ್ವ ಹಾಗೆಯೇ ವಾಲಿ ತಾಯಿಯ ತೊಡೆಯ ಮೇಲೆ ತಲೆ ಇಟ್ಟಳು. ಚನ್ನಬಸವ್ವ ಆಕೆಯ ಕೂದಲಲ್ಲಿ ಕೈಯಾಡಿಸುತ್ತ, ಬೆಲ್ಲ ಹಂಚಿ ಎಲ್ಲರನ್ನೂ ಮನೆಗೆ ಕಳಿಸಿರಿ, ನಾವು ಆಮೇಲೆ ಬರುತ್ತೇವೆ ಎಂದು ಚನ್ನಯ್ಯನಿಗೆ ಸನ್ನೆ ಮಾಡಿದಳು.